ಎಂಟು ಕಮಾನಿನ ಊರು, ರೈಲಿಲ್ಲದ ದಾರಿ

ನಾನು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವನು. ಈಗ ಗಾರ್ಡ್ ಅನ್ನುವಂತಿಲ್ಲ. 2022ರಿಂದ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು. ನಾನು ರಿಟೈರ್ ಆದದ್ದು ಅದಕ್ಕೂ ಮೊದಲು, ಹಾಗಾಗಿ ಸಾಯುವ ತನಕ ಗಾರ್ಡೇ. ಗೂಡ್ಸ್ ಗಾಡಿಯ ಕೊನೆಗಿರುವ ಬ್ರೇಕ್ ವ್ಯಾನಿನಲ್ಲಿ ಒಬ್ಬನೇ ಕೂತು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಎಷ್ಟು ಸಲ ಇಳಿದಿದ್ದೇನೋ, ಲೆಕ್ಕ ಇಟ್ಟಿಲ್ಲ. ಆ ಘಟ್ಟದಲ್ಲಿ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ ಇಳಿಯುತ್ತೀರಿ. ಕೇಳುವುದಕ್ಕೆ ಏನೂ ಅನಿಸುವುದಿಲ್ಲ, ಆದರೆ ಸಾವಿರಾರು ಟನ್ನಿನ ಗಾಡಿಗೆ ಅದು ಭಯಂಕರ ಇಳಿಜಾರು. ಅಲ್ಲಿ ದುಡಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಎಲ್ಲಿಗೆ ಹೋದರೂ ಕಾಲ ಕೆಳಗಿನ ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ನೋಡುವ ಚಾಳಿ. ಮದುವೆ ಛತ್ರದಲ್ಲೂ ನೋಡುತ್ತೇನೆ ಅಂತ ಹೆಂಡತಿಯ ದೂರು.

ಮಗಳು ಡಬ್ಲಿನ್‌ನಲ್ಲಿ ನರ್ಸ್. ಹೋದ ಮೇ ತಿಂಗಳ ಕೊನೆಗೆ ನಾವಿಬ್ಬರೂ ಅವಳ ಮನೆಯಲ್ಲಿದ್ದೆವು. ನಾಲ್ಕು ದಿನ ರಜೆ ಸಿಕ್ಕಿತು ಅವಳಿಗೆ. “ಅಪ್ಪ, ಇಲ್ಲೊಂದು ರೈಲಿಲ್ಲದ ರೈಲು ದಾರಿ ಇದೆ. ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ನಡುವೆ ಒಂದು ಪುಟ್ಟ ಊರು, ಹೊಳೆ, ದೊಡ್ಡ ಸೇತುವೆ. ಬರ್ತೀಯಾ?” ಅಂದಳು. ಹಳಿ ಕಿತ್ತರು ಅಂದ ಕೂಡಲೇ ನನಗೆ ಬೇಜಾರಾಯಿತು. ಆದರೂ ಬರ್ತೀನಿ ಅಂದೆ.

ಮೊದಲ ದಿನ: ಡಬ್ಲಿನ್‌ನಿಂದ ವಾಟರ್‌ಫರ್ಡ್

ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿನಿಂದ ಬೆಳಗಿನ ರೈಲು ಹಿಡಿದೆವು. ಎಂಜಿನ್ ಬೇರೆ, ಬೋಗಿ ಬೇರೆ ಇರುವ ಗಾಡಿಯಲ್ಲ. ಬೋಗಿಗಳ ಕೆಳಗೇ ಡೀಸೆಲ್ ಎಂಜಿನ್ ಇರುವ ರೈಲ್‌ಕಾರ್, ಕೊರಿಯಾದಲ್ಲಿ ತಯಾರಾದದ್ದು. ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಹಳಿ ನೋಡಿದೆ. ಐರ್ಲೆಂಡಿನ ಹಳಿಗಳ ನಡುವಿನ ಅಂತರ 1,600 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1,676. ಬರೀ 76 ಮಿಲಿಮೀಟರ್ ವ್ಯತ್ಯಾಸ, ನಾಲ್ಕು ಬೆರಳಿನಷ್ಟು. ಪಕ್ಕದ ಇಂಗ್ಲೆಂಡಿನದು 1,435. ಶುರುವಿನಲ್ಲಿ ಐರ್ಲೆಂಡಿನ ಒಂದೊಂದು ಕಂಪನಿ ಒಂದೊಂದು ಅಳತೆ ಹಿಡಿದು ಹಳಿ ಹಾಕಿತ್ತಂತೆ. ಜಗಳ ಬಿಡಿಸಲು 1846ರಲ್ಲಿ ಕಾನೂನು ಮಾಡಿ ಈ ನಡುವಿನ ಅಳತೆಯನ್ನು ನಿಗದಿ ಮಾಡಿದರು. ಇಂಗ್ಲೆಂಡಿನ ಕೈಕೆಳಗಿದ್ದೂ ಹಳಿ ಮಾತ್ರ ಬೇರೆ!

ಕಿಲ್ಕೆನ್ನಿಯಲ್ಲಿ ಗಾಡಿ ನಿಂತಿತು. ಅಲ್ಲಿಂದ ಮುಂದೆ ದಾರಿ ಇಲ್ಲ, ಹಿಂದಕ್ಕೇ ಹೊರಡಬೇಕು. ಡ್ರೈವರ್ ಬ್ಯಾಗು ಹಿಡಿದು ಇನ್ನೊಂದು ತುದಿಗೆ ನಡೆದು ಹೋದ. ಅಷ್ಟೇ. ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಓಡಿಸಿ, ಈ ಕಡೆ ಜೋಡಿಸಿ, ಬ್ರೇಕ್ ಪರೀಕ್ಷೆ ಮಾಡಿ, ನಾನು ಸಹಿ ಹಾಕಿ... ಏನೂ ಇಲ್ಲ. ನಮಗೆ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ವಾಟರ್‌ಫರ್ಡ್ ಸ್ಟೇಷನ್ ಶೂರ್ ನದಿಯ ಉತ್ತರ ದಡದಲ್ಲಿದೆ, ಊರು ದಕ್ಷಿಣ ದಡದಲ್ಲಿ. ಸೇತುವೆ ದಾಟಿ ಊರೊಳಗೆ ಹೋಗಬೇಕು. ವೈಕಿಂಗರು ಕಟ್ಟಿದ ಊರು, ಸಾವಿರ ವರ್ಷಕ್ಕೂ ಹಳೆಯದು. ದುಂಡನೆಯ ರೆಜಿನಾಲ್ಡ್ ಗೋಪುರ ನೋಡಿದೆವು, ಗಾಜಿನ ಸಾಮಾನು ಕಿಟಕಿಯಿಂದಲೇ ನೋಡಿದೆವು. ಬೆಲೆ ನೋಡಿ ಒಳಗೆ ಹೋಗಲಿಲ್ಲ. ಇಲ್ಲಿ ‘ಬ್ಲಾ’ ಅನ್ನುವ ಮೆತ್ತನೆ ಬ್ರೆಡ್ಡು ಸಿಗುತ್ತದೆ, ಮೇಲೆಲ್ಲ ಬಿಳಿ ಹಿಟ್ಟು ಉದುರಿಸಿರುತ್ತಾರೆ. ಮೈಸೂರು ಮಲ್ಲಿಗೆಗೆ ಇದ್ದ ಹಾಗೆ ಅದಕ್ಕೂ ಊರಿನ ಹೆಸರಿನ ಗುರುತು (ಜಿಐ ಟ್ಯಾಗ್ ಅಂತಾರಲ್ಲ, ಅಂಥದ್ದು) ಸಿಕ್ಕಿದೆ, 2013ರಲ್ಲಿ. ಬೆಣ್ಣೆ ಹಚ್ಚಿ ತಿಂದೆವು. ಅಂಗಿ ತುಂಬಾ ಹಿಟ್ಟು.

ಎರಡನೇ ದಿನ: 24 ಕಿಲೋಮೀಟರ್, ಒಂದು ಸತ್ತ ಬ್ಯಾಟರಿ

ಹೆಂಡತಿಗೆ, ಮಗಳಿಗೆ ಮಾಮೂಲಿ ಸೈಕಲ್. ನನಗೆ ಬ್ಯಾಟರಿ ಸೈಕಲ್. ನನ್ನ ಮಂಡಿಯ ಮೇಲೆ ಮಗಳಿಗೆ ನಂಬಿಕೆ ಇಲ್ಲ. ಹೆಂಡತಿ ಮಾತ್ರ ಹಾಸನದಲ್ಲಿ ಇಪ್ಪತ್ತೈದು ವರ್ಷ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗಿ ಪಾಠ ಮಾಡಿದವಳು. “ನನಗೆ ಗೇರು ಗೀರು ಬೇಡ, ಬೆಲ್ ಇದ್ದರೆ ಸಾಕು” ಅಂದಳು.

ವಾಟರ್‌ಫರ್ಡ್‌ನಿಂದ ಡನ್‌ಗಾರ್ವನ್ ತನಕ ಒಟ್ಟು 46 ಕಿಲೋಮೀಟರ್ ದಾರಿ. ಹನ್ನೊಂದು ಸೇತುವೆ, ಕಣಿವೆ ದಾಟುವ ಮೂರು ದೊಡ್ಡ ಕಮಾನು ಸೇತುವೆ, ಒಂದು ಸುರಂಗ. ನಾವು ಹೋಗಬೇಕಾದ ಊರು, ಕಿಲ್‌ಮ್ಯಾಕ್‌ಥಾಮಸ್, ಹೆಚ್ಚುಕಡಿಮೆ ಅದರ ನಡುವೆ. ಅಲ್ಲಿಯವರು ಅಷ್ಟುದ್ದ ಹೇಳುವುದಿಲ್ಲ, ಕಿಲ್‌ಮ್ಯಾಕ್ ಅಂತಾರೆ. ನಾನೂ ಹಾಗೇ ಬರೆಯುತ್ತೇನೆ.

ಮೊದಲ ಹತ್ತು ಕಿಲೋಮೀಟರ್ ಶೂರ್ ನದಿಯ ಜೊತೆಜೊತೆಗೇ ದಾರಿ. ತಲೆಯ ಮೇಲೆ ಹೊಸ ಹೆದ್ದಾರಿಯ ತಂತಿ ಸೇತುವೆ ಹಾದು ಹೋಗುತ್ತದೆ. ಎರಡೂ ಕಡೆ ಹಾತಾರ್ನ್ ಅನ್ನುವ ಮುಳ್ಳು ಗಿಡ, ಮೈತುಂಬ ಬಿಳಿ ಹೂವು. ಹೊಲದ ನಡುವೆ ಈ ಗಿಡ ಒಂಟಿಯಾಗಿ ನಿಂತಿದ್ದರೆ ಅದರಲ್ಲಿ ಕಿನ್ನರರು ಇರುತ್ತಾರೆ, ಕಡಿಯಬಾರದು ಅನ್ನುವ ನಂಬಿಕೆ ಇದೆಯಂತೆ. ನಮ್ಮ ಕಡೆ ಅರಳಿ ಮರ ಕಡಿಯಲು ಕೂಲಿ ಸಿಗದ ಹಾಗೆ.

ದಾರಿಯ ಪಕ್ಕದಲ್ಲೇ ಪುಟ್ಟ ಹಳಿ ಕಂಡಿತು. ಸೈಕಲ್ ನಿಲ್ಲಿಸಿದೆ. ಹಳೆಯ ದೊಡ್ಡ ಹಳಿ ಹೋದ ಜಾಗದಲ್ಲಿ ಮೂರಡಿ ಅಗಲದ ಸಣ್ಣ ಹಳಿ ಹಾಕಿದ್ದಾರೆ. ಶೂರ್ ಕಣಿವೆ ರೈಲು ಅಂತ ಹೆಸರು. ಕಿಲ್‌ಮೀಡನ್ ಅನ್ನುವ ಹಳೇ ಸ್ಟೇಷನ್ನಿನಿಂದ ಹೊರಟು ನದಿ ಪಕ್ಕದಲ್ಲಿ ಹೋಗಿ ವಾಪಸ್ ಬರುತ್ತದೆ. ಸಣ್ಣ ಡೀಸೆಲ್ ಎಂಜಿನ್, ಎರಡು ಮೂರು ಬೋಗಿ, ಸಂಬಳವಿಲ್ಲದೆ ದುಡಿಯುವ ಊರ ಜನ. ಸ್ಟೇಷನ್ನಿನಲ್ಲಿ ಒಬ್ಬ ಅಜ್ಜ ಹಸಿರು ಬಾವುಟ ಹಿಡಿದು ನಿಂತಿದ್ದ. ನಾನೂ ಗಾರ್ಡ್ ಅಂದೆ. ಅವನು ಕೈಕುಲುಕಿ, ಬಾವುಟವನ್ನು ನನ್ನ ಕೈಗೇ ಕೊಟ್ಟುಬಿಟ್ಟ. ತೋರಿಸಿದೆ. ಗಾಡಿ ಹೊರಟಿತು. ಬೋಗಿಯಲ್ಲಿದ್ದ ಮಕ್ಕಳು ಟಾಟಾ ಮಾಡಿದವು. ಹೆಂಡತಿ ಫೋಟೋ ತೆಗೆಯುವುದನ್ನು ಮರೆತಳು. ಅದಕ್ಕೊಂದು ಸಣ್ಣ ಜಗಳ ಆಯಿತು.

ಕಿಲ್‌ಮೀಡನ್‌ನಿಂದ ದಾರಿ ನದಿಯನ್ನು ಬಿಟ್ಟು ಒಳನಾಡಿಗೆ ತಿರುಗುತ್ತದೆ. ಅಲ್ಲಿಂದ ಕಿಲ್‌ಮ್ಯಾಕ್‌ಗೆ ಹದಿಮೂರೂವರೆ ಕಿಲೋಮೀಟರ್. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ನನ್ನ ಸೈಕಲ್ಲಿನ ದೀಪ ಎರಡು ಸಲ ಮಿಟುಕಿಸಿ ಆರಿಹೋಯಿತು. ಬಾಡಿಗೆಗೆ ಕೊಟ್ಟವರು ಪೂರ್ತಿ ಚಾರ್ಜ್ ಮಾಡಿರಲಿಲ್ಲ. ಫೋನ್ ಮಾಡಿದರೆ “ಕಡಿಮೆ ಪವರ್‌ನಲ್ಲಿ ಓಡಿಸಬೇಕಿತ್ತು” ಅಂದರು. ಅದೂ ಒಂದು ಮಟ್ಟಿಗೆ ನಿಜವೇ. ನಾನು ಬೆಳಗಿನಿಂದ ಪೂರ್ತಿ ಪವರ್‌ನಲ್ಲೇ ಬಂದಿದ್ದೆ.

ಬ್ಯಾಟರಿ ಸತ್ತ ಆ ಸೈಕಲ್ ಕಲ್ಲುಗುಂಡಿನಷ್ಟು ಭಾರ. ಆದರೆ ಅದು ಸತ್ತದ್ದು ಒಳ್ಳೆಯದೇ ಆಯಿತು. ಆ ತನಕ ನಾನು ದಾರಿ ಸಪಾಟಾಗಿದೆ ಅಂದುಕೊಂಡಿದ್ದೆ. ಕಣ್ಣಿಗೆ ಈಗಲೂ ಸಪಾಟೇ. ಆದರೆ ತೊಡೆ ಬೇರೆ ಮಾತು ಹೇಳತೊಡಗಿತು. ಏರುತ್ತಿದ್ದೇವೆ. ನಿಧಾನವಾಗಿ, ಬಿಡದೆ, ಒಂದೇ ಸಮನೆ ಏರುತ್ತಿದ್ದೇವೆ. ಎಲ್ಲೂ ದಿಢೀರ್ ಏರಿಲ್ಲ, ಎಲ್ಲೂ ಕುಸಿತವಿಲ್ಲ. ಗುಡ್ಡ ಬಂದಲ್ಲಿ ಕಡಿದು ದಾರಿ ಮಾಡಿದ್ದಾರೆ, ತಗ್ಗು ಬಂದಲ್ಲಿ ಮಣ್ಣು ತುಂಬಿದ್ದಾರೆ. ನೂರೈವತ್ತು ವರ್ಷದ ಹಿಂದೆ ಹಬೆ ಎಂಜಿನ್ನಿಗೆ ಉಸಿರು ಕಟ್ಟಬಾರದು ಅಂತ ಯಾರೋ ಹಾಕಿದ ಲೆಕ್ಕ ಅದು. ಹಳಿ ಕಿತ್ತರು, ಹಳಿಯಡಿಯ ಸ್ಲೀಪರ್ ಕಿತ್ತರು, ಸಿಗ್ನಲ್ ಕಿತ್ತರು. ಆ ಏರು ಮಾತ್ರ ಹಾಗೇ ಇದೆ. ಅದನ್ನು ಕೀಳುವುದು ಹೇಗೆ?

ಇದನ್ನು ಹೆಂಡತಿಗೆ ಹೇಳೋಣ ಅಂತ ತಲೆ ಎತ್ತಿದರೆ ಅವಳು ಎಲ್ಲೋ ಮುಂದೆ ಹೋಗಿದ್ದಳು. ದೂರದಿಂದ ಬೆಲ್ ಕೇಳಿಸಿತು.

ಸಂಜೆ ಐದಾಗಿತ್ತು. ಬಲಗಡೆ ಕಮರಾ ಬೆಟ್ಟಗಳು, ಮೋಡದ ಟೋಪಿ ಹಾಕಿಕೊಂಡು ಕೂತಿದ್ದವು. ಒಂದು ದೊಡ್ಡ ಕಲ್ಲು ಕಟ್ಟಡ ದಾಟಿದೆವು. ಆಮೇಲೆ ಇದ್ದಕ್ಕಿದ್ದ ಹಾಗೆ ಎರಡೂ ಬದಿಯ ನೆಲ ಮಾಯವಾಗಿ ಗಾಳಿ ಬೀಸಿತು. ಕೆಳಗೆ ಮನೆಗಳ ಹೊಗೆಗೂಡು, ಒಂದು ಬೀದಿ, ಹೊಳೆ. ಸೇತುವೆಯ ಮೇಲೆ ಬಂದಿದ್ದೆವು.

ಮೂರನೇ ದಿನ: ಕಿಲ್‌ಮ್ಯಾಕ್‌ನಲ್ಲೇ

ನಾವು ಉಳಿದ ಮನೆಯ ಒಡತಿಗೆ ಎಪ್ಪತ್ತರ ಹತ್ತಿರ. ಬೆಳಿಗ್ಗೆ ಗಂಜಿ ಕೊಟ್ಟರು. ಓಟ್ಸ್ ಗಂಜಿ, ಮೇಲೆ ಕೆನೆ, ಜೇನು. ಡಬ್ಬ ತೋರಿಸಿ “ಇದು ನಮ್ಮೂರಿನದೇ” ಅಂದರು. ಆ ಡಬ್ಬದ ಮೇಲಿನ ಹೆಸರು ಫ್ಲಾಹವನ್ಸ್. ಐರ್ಲೆಂಡಿನ ಯಾವ ಅಂಗಡಿಗೆ ಹೋದರೂ ಕಾಣುತ್ತದೆ. ಅದು ತಯಾರಾಗುವುದು ಸಾವಿರದಷ್ಟು ಜನ ಇರುವ ಈ ಊರಲ್ಲಿ ಅಂತ ನಮಗೆ ಗೊತ್ತಿರಲಿಲ್ಲ.

ಊರಿನ ಹೆಸರಿನ ಬಗ್ಗೆ ಕೇಳಿದೆ. ಐರ್ಲೆಂಡಿನಲ್ಲಿ ‘ಕಿಲ್’ ಅಂತ ಶುರುವಾಗುವ ಊರು ಲೆಕ್ಕವಿಲ್ಲದಷ್ಟಿವೆ. ಬಹಳ ಕಡೆ ಅದರ ಅರ್ಥ ಚರ್ಚು. ಇಲ್ಲಿ ಹಾಗಲ್ಲ. ಐರಿಷ್ ಭಾಷೆಯಲ್ಲಿ ಇದು ‘ಕಾಡು’ ಅನ್ನುವ ಶಬ್ದ. ಪುಟ್ಟ ಥಾಮಸನ ಮಗನ ಕಾಡು. ನಮ್ಮಲ್ಲಿ ತಿಮ್ಮನಕಾಡು, ಬೋರನಕಾಡು ಅಂತ ಇರುತ್ತದಲ್ವಾ, ಹಾಗೆ. ಈಗ ಕಾಡೂ ಇಲ್ಲ, ಥಾಮಸನೂ ಇಲ್ಲ.

ಒಂದೇ ಮುಖ್ಯ ಬೀದಿ. ಕಡಿದಾಗಿ ಹೊಳೆಗೆ ಇಳಿಯುತ್ತದೆ. ಬಣ್ಣ ಬಣ್ಣದ ಮನೆಗಳು, ಎರಡು ಮೂರು ಪಬ್, ಒಂದು ಔಷಧಿ ಅಂಗಡಿ. ತಲೆ ಎತ್ತಿದರೆ ಮನೆಗಳ ಛಾವಣಿಯ ಮೇಲೆ ಕಲ್ಲಿನ ಎಂಟು ಕಮಾನು. ನಿನ್ನೆ ಮೇಲಿನಿಂದ ದಾಟಿದಾಗ ಅದು ಬರೀ ದಾರಿ. ಇವತ್ತು ಕೆಳಗೆ ನಿಂತು ನೋಡಿದರೆ ಕತ್ತು ನೋಯುತ್ತದೆ. ಕಂಬದ ಬುಡದಲ್ಲಿ ಹೊಳೆ, ಮಾಹನ್ ಅಂತ ಹೆಸರು. ನಮ್ಮ ಕಡೆಯ ಹಳ್ಳದಷ್ಟೇ ಅಗಲ. ಮಕ್ಕಳು ಪ್ಯಾಂಟ್ ಮಡಚಿ ದಾಟುತ್ತಿದ್ದರು. ಇಷ್ಟು ಸಣ್ಣ ನೀರಿಗೆ ಅಷ್ಟು ದೊಡ್ಡ ಸೇತುವೆ ಯಾಕೆ ಅಂತ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ.

ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ. ಇಲ್ಲಿ ಬೆಟ್ಟ ಉತ್ತರದ ಕಡೆ, ಕಡಲು ದಕ್ಷಿಣದ ಕಡೆ. ನೀರೆಲ್ಲ ಬೆಟ್ಟದಿಂದ ಕಡಲಿಗೆ ಓಡುತ್ತದೆ. ಪ್ರತಿ ಹೊಳೆಯೂ ತನಗೊಂದು ಆಳದ ಕಣಿವೆ ಕೊರೆದುಕೊಂಡಿದೆ. ರೈಲು ಹೋಗಬೇಕಾದದ್ದು ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ, ಆ ಕಣಿವೆಗಳನ್ನೆಲ್ಲ ಅಡ್ಡ ಕತ್ತರಿಸಿಕೊಂಡು. ರಸ್ತೆಯಾದರೆ ಕಣಿವೆಗೆ ಇಳಿದು ಹತ್ತುತ್ತದೆ. ರೈಲಿಗೆ ಆಗುವುದಿಲ್ಲ. ಅದು ಹಿಡಿದ ಮಟ್ಟ ಬಿಡುವಂತಿಲ್ಲ. ಹಾಗಾಗಿ ಹೊಳೆ ಸಣ್ಣದಾದರೂ ಕಣಿವೆಯಷ್ಟು ಎತ್ತರದ ಸೇತುವೆ ಬೇಕು. ಸೇತುವೆ ಕಟ್ಟಿದ್ದು ನೀರಿಗಲ್ಲ, ಆಳಕ್ಕೆ.

ಈ ದಾರಿ ಹಾಕಿಸಿದ್ದು ವಾಟರ್‌ಫರ್ಡ್, ಡನ್‌ಗಾರ್ವನ್, ಲಿಸ್ಮೋರ್ ರೈಲು ಕಂಪನಿ. ಎಂಜಿನಿಯರ್ ಜೇಮ್ಸ್ ಓಟ್‌ವೇ. ಲಿಸ್ಮೋರ್‌ನಲ್ಲಿ ಕೋಟೆ ಇದ್ದ ಡೆವನ್‌ಶೈರ್‌ನ ಡ್ಯೂಕ್ ಬಹಳ ಹಣ ಹಾಕಿದ್ದ. 1878ರ ಆಗಸ್ಟ್ 12ರಂದು ಮೊದಲ ಗಾಡಿ ಓಡಿತು. ಆಮೇಲೆ 1906ರಲ್ಲಿ ಪೂರ್ವದ ರಾಸ್‌ಲೇರ್ ಬಂದರಿಗೆ ನೇರ ದಾರಿ ಆದ ಮೇಲೆ ಇದಕ್ಕೆ ರಾಜಯೋಗ. ಪಶ್ಚಿಮದ ಕಾರ್ಕ್ ಪಟ್ಟಣದಿಂದ ರಾಸ್‌ಲೇರ್‌ಗೆ ಹೋಗುವ ಎಕ್ಸ್‌ಪ್ರೆಸ್ ಇದೇ ಎಂಟು ಕಮಾನಿನ ಮೇಲೆ ಹಾದುಹೋಗುತ್ತಿತ್ತು. ರಾಸ್‌ಲೇರ್‌ನಿಂದ ಹಡಗು, ಹಡಗಿನಿಂದ ಬ್ರಿಟನ್. ಕೆಲಸ ಹುಡುಕಿಕೊಂಡು ಹೊರಟ ಎಷ್ಟು ಜನ ಈ ಸೇತುವೆಯ ಮೇಲಿಂದ ಕೊನೆಯ ಸಲ ಊರು ನೋಡಿರಬೇಡ.

1967ರ ಮಾರ್ಚ್‌ನಲ್ಲಿ ಪ್ರಯಾಣಿಕರ ಗಾಡಿ ನಿಂತಿತು. ಬಸ್ಸು, ಕಾರು ಬಂದ ಮೇಲೆ ಜನ ಕಡಿಮೆಯಾದರು, ಕಾಸು ಹುಟ್ಟಲಿಲ್ಲ. ಇದು ಎಲ್ಲ ದೇಶದಲ್ಲೂ ಕೇಳಿದ ಕಥೆ. ಆದರೆ ಇಲ್ಲಿ ಕಥೆ ಅಲ್ಲಿಗೇ ಮುಗಿಯಲಿಲ್ಲ. ಡನ್‌ಗಾರ್ವನ್ ಹತ್ತಿರ ಬ್ಯಾಲಿನಕೋರ್ಟಿ ಅನ್ನುವ ಕಡೆ ಮ್ಯಾಗ್ನಸೈಟ್ ಕಾರ್ಖಾನೆ ಬಂತು. ಮೈಸೂರು ಕಡೆ ಮ್ಯಾಗ್ನಸೈಟನ್ನು ನೆಲ ಅಗೆದು ತೆಗೆಯುತ್ತಾರೆ. ಇಲ್ಲಿ ಕಡಲಿನ ನೀರಿನಿಂದ ತೆಗೆಯುತ್ತಿದ್ದರು. ಅದಕ್ಕೆ ಡಾಲಮೈಟ್ ಕಲ್ಲು ಬೇಕು. ಆ ಕಲ್ಲು ಕಿಲ್ಕೆನ್ನಿ ಜಿಲ್ಲೆಯ ಬೆನೆಟ್ಸ್‌ಬ್ರಿಡ್ಜ್‌ನಿಂದ ಗೂಡ್ಸ್ ಗಾಡಿಯಲ್ಲಿ ಬರುತ್ತಿತ್ತು. ಸುಟ್ಟ ಡಾಲಮೈಟ್ ಸೇರಿಸಿದರೆ ಕಡಲ ನೀರಿನಲ್ಲಿ ಕರಗಿರುವ ಮೆಗ್ನೀಸಿಯಮ್ ತಳಕ್ಕೆ ಇಳಿಯುತ್ತದೆ. ಅದನ್ನು ಬೇಯಿಸಿದರೆ ಉಕ್ಕಿನ ಕುಲುಮೆಯ ಇಟ್ಟಿಗೆಗೆ ಬೇಕಾದ ಪುಡಿ. ಹೀಗೆ 1970ರಿಂದ ಮತ್ತೆ ಗಾಡಿ ಓಡಿತು, ಬರೀ ಗೂಡ್ಸ್.

“ನಾನು ಮದುವೆಯಾಗಿ ಬಂದ ಹೊಸತು. ಗಾಡಿ ಹಾದಾಗ ಕಪಾಟಿನಲ್ಲಿ ಕಪ್ಪುಗಳು ಕಿಣಿಕಿಣಿ ಅನ್ನುತ್ತಿದ್ದವು” ಅಂದರು ಮನೆಯೊಡತಿ. 1982ರಲ್ಲಿ ಕಾರ್ಖಾನೆ ಮುಚ್ಚಿತು, ಕಪ್ಪುಗಳ ಸದ್ದೂ ನಿಂತಿತು. ಆಮೇಲೆ ಮೂವತ್ತು ವರ್ಷ ದಾರಿಯ ತುಂಬ ಮುಳ್ಳು, ಬಳ್ಳಿ. 2017ರ ಮಾರ್ಚ್‌ನಲ್ಲಿ ಸೈಕಲ್ ದಾರಿ ಪೂರ್ತಿ ತೆರೆಯಿತು. ಕೊನೆಯ ಪ್ರಯಾಣಿಕರ ಗಾಡಿ ಹೋಗಿ ಸರಿಯಾಗಿ ಐವತ್ತು ವರ್ಷಕ್ಕೆ.

ನಾನು ಗೂಡ್ಸ್‌ನವನು, ಹಾಗಾಗಿ ಹೇಳುತ್ತೇನೆ. ಸ್ಟೇಷನ್, ಸೇತುವೆ ಅಂತ ಎಲ್ಲರೂ ಪ್ಯಾಸೆಂಜರ್ ಗಾಡಿಯ ನೆನಪನ್ನೇ ಬರೆಯುತ್ತಾರೆ. ಈ ದಾರಿಯನ್ನು ಕೊನೆಯ ಹನ್ನೆರಡು ವರ್ಷ ಉಳಿಸಿದ್ದು ಕಲ್ಲು ಹೊತ್ತ ವ್ಯಾಗನ್ನುಗಳು. ಅವುಗಳ ಫೋಟೋ ಯಾರ ಮನೆಯ ಗೋಡೆಯಲ್ಲೂ ಇಲ್ಲ.

ಹೊಳೆಯ ಪಕ್ಕದಲ್ಲೇ ಓಟ್ಸ್ ಮಿಲ್ಲು. 1785ರಿಂದ ಒಂದೇ ಮನೆತನದ ಕೈಯಲ್ಲಿದೆ. ಮೊದಲು ಬೀಸುವ ಕಲ್ಲು ತಿರುಗುತ್ತಿದ್ದದ್ದು ಮಾಹನ್ ನೀರಿನ ಬಲದಿಂದ. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಿದೆವು. ಹುರಿದ ಕಾಳಿನ ಘಮ ಬೀದಿ ತನಕ ಬರುತ್ತಿತ್ತು. ಓಟ್ಸ್ ಕಾಳಿನ ಮೇಲೆ ಗಟ್ಟಿ ಸಿಪ್ಪೆ ಇರುತ್ತದೆ. ಒಣಗಿಸಿ, ಸಿಪ್ಪೆ ಬಿಡಿಸಿ, ಹಬೆಯಲ್ಲಿ ಮೆತ್ತಗೆ ಮಾಡಿ, ಉರುಳೆಯ ನಡುವೆ ಚಪ್ಪಟೆ ಮಾಡುತ್ತಾರೆ. ನಮ್ಮ ಅವಲಕ್ಕಿಯ ದಾರಿಯೇ ಹೆಚ್ಚುಕಡಿಮೆ. ಬಿಡಿಸಿದ ಸಿಪ್ಪೆಯನ್ನೇ ಉರಿಸಿ ಬಾಯ್ಲರ್ ಕಾಯಿಸುತ್ತಾರಂತೆ. ಇದನ್ನು ಕೇಳಿ ಹೆಂಡತಿಗೆ ತವರಿನ ಅಕ್ಕಿ ಮಿಲ್ಲು ನೆನಪಾಯಿತು. ಅಲ್ಲೂ ಭತ್ತ ಬೇಯಿಸುವುದು ಭತ್ತದ ಹೊಟ್ಟಿನಲ್ಲೇ. “ನಮ್ಮಪ್ಪ ಹೊಟ್ಟು ಮಾರಿಯೇ ನನ್ನ ಓದಿಸಿದ್ದು” ಅಂದಳು. ಮೂವತ್ತೆಂಟು ವರ್ಷದಲ್ಲಿ ಈ ಮಾತು ನನಗೆ ಹೇಳಿರಲಿಲ್ಲ.

ಅಂದ ಹಾಗೆ, ಟೈರೋನ್ ಪವರ್ ಅನ್ನುವ ನಾಟಕದ ನಟ ಹುಟ್ಟಿದ್ದು ಈ ಊರಲ್ಲಿ. 1841ರಲ್ಲಿ ಅಟ್ಲಾಂಟಿಕ್‌ನಲ್ಲಿ ಹಡಗಿನ ಸಮೇತ ಕಾಣೆಯಾದ. ಅದೇ ಹೆಸರಿನ ಹಾಲಿವುಡ್ ಹೀರೋ ಅವನ ಮರಿಮಗ.

ನಿನ್ನೆ ದಾಟಿ ಬಂದ ದೊಡ್ಡ ಕಲ್ಲು ಕಟ್ಟಡ ವರ್ಕ್‌ಹೌಸ್, ಅಂದರೆ ಬಡವರನ್ನು ಇಟ್ಟು ದುಡಿಸುತ್ತಿದ್ದ ಮನೆ. ಮಧ್ಯಾಹ್ನದ ಮೊದಲು ಅಲ್ಲಿಗೆ ನಡೆದೆವು. 1845ರಿಂದ ಆಲೂಗಡ್ಡೆಗೆ ರೋಗ ಬಂದು ಐರ್ಲೆಂಡಿನಲ್ಲಿ ಮಹಾ ಬರ ಬಿತ್ತು. ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ದೇಶ ಬಿಟ್ಟರು. ಬರಕ್ಕೆ ಮೊದಲೇ 130 ವರ್ಕ್‌ಹೌಸ್ ಇದ್ದವು. ಸಾಲದೆ ಮತ್ತೆ 33 ಕಟ್ಟಿದರು. ಇದು ಆ ಮೂವತ್ತಮೂರರಲ್ಲಿ ಒಂದು. ಒಳಗೆ ಬಂದ ಕೂಡಲೇ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಕಡೆ ಹಾಕುತ್ತಿದ್ದರು. ಕಾಲು ಎಕರೆಗಿಂತ ಜಾಸ್ತಿ ಹೊಲ ಇದ್ದವನಿಗೆ ಸರ್ಕಾರದ ನೆರವಿಲ್ಲ. ನೆರವು ಬೇಕಾದರೆ ಹೊಲ ಬಿಡಬೇಕು. ಹೊಲ ಬಿಟ್ಟರೆ ವಾಪಸ್ ಹೋಗಲು ಮನೆ ಇಲ್ಲ.

ಈಗ ಆ ಆವರಣದಲ್ಲೇ ಕಾಫಿ ಅಂಗಡಿ ಇದೆ, ಸೈಕಲ್ಲಿನವರು ಕೇಕ್ ತಿನ್ನುತ್ತಾರೆ. ನಾವೂ ಕೂತೆವು. ಕಾಫಿ ಚೆನ್ನಾಗಿತ್ತು. ಕೇಕ್ ಮಾತ್ರ ಮೂವರಿಗೂ ಇಳಿಯಲಿಲ್ಲ, ಕಟ್ಟಿಸಿಕೊಂಡು ಬಂದೆವು.

ಮಧ್ಯಾಹ್ನ ಟ್ಯಾಕ್ಸಿ ಮಾಡಿಕೊಂಡು ಹೊಳೆಯ ಹುಟ್ಟು ನೋಡಲು ಹೋದೆವು. ಕಮರಾ ಬೆಟ್ಟದಿಂದ ಮಾಹನ್ ನೀರು ಸುಮಾರು 80 ಮೀಟರ್ ಬೀಳುತ್ತದೆ. ಜೋಗ ನೋಡಿದವರಿಗೆ ದೊಡ್ಡದೇನಲ್ಲ, ಆದರೆ ಜನ ಕಡಿಮೆ, ಕುರಿ ಜಾಸ್ತಿ. ನನಗೆ ಹಿಡಿಸಿದ್ದು ಜಲಪಾತವಲ್ಲ, ಅಲ್ಲಿಗೆ ಹೋಗುವ ರಸ್ತೆಯ ಒಂದು ತುಂಡು. ಮಾಯಾ ರಸ್ತೆ ಅಂತಾರೆ ಅದಕ್ಕೆ. ಟ್ಯಾಕ್ಸಿಯವ ಕಾರು ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಬಿಟ್ಟ. ಎದುರಿಗೆ ಏರು. ಕಾರು ತಾನಾಗೇ ಆ ಏರನ್ನು ಹತ್ತತೊಡಗಿತು! ಹೆಂಡತಿ “ಅಯ್ಯೋ ರೀ!” ಅಂತ ನನ್ನ ಕೈ ಹಿಡಿದಳು. ಮಗಳಿಗೆ ಗೊತ್ತಿತ್ತು, ನಗುತ್ತಿದ್ದಳು.

ಹತ್ತುವುದೇನೂ ಇಲ್ಲ. ಅದು ಇಳಿಜಾರೇ. ಸುತ್ತಲಿನ ಬೆಟ್ಟದ ಓರೆ ಕಣ್ಣಿಗೆ ಮೋಸ ಮಾಡುತ್ತದೆ, ಸಪಾಟು ಯಾವುದು ಅಂತ ತಿಳಿಯುವುದಿಲ್ಲ. ಇದಕ್ಕೇ ಅಲ್ವಾ ರೈಲು ಹಳಿಯ ಪಕ್ಕ ಗ್ರೇಡಿಯೆಂಟ್ ಕಂಬ ನೆಡುವುದು? ಎರಡು ರೆಕ್ಕೆ, ಮೇಲಕ್ಕೆ ಓರೆಯಾಗಿದ್ದರೆ ಏರು, ಕೆಳಕ್ಕೆ ಓರೆಯಾಗಿದ್ದರೆ ಇಳಿಜಾರು, ರೆಕ್ಕೆಯ ಮೇಲೆ ಎಷ್ಟಕ್ಕೆ ಒಂದು ಅನ್ನುವ ನಂಬರ್. ಹೊಸದಾಗಿ ಬಂದ ಹುಡುಗರು “ಸಾರ್, ಕಣ್ಣಿಗೇ ಕಾಣುತ್ತಲ್ಲ” ಅನ್ನುತ್ತಿದ್ದರು. ಅವರನ್ನೆಲ್ಲ ಇಲ್ಲಿಗೆ ಕರೆತರಬೇಕಿತ್ತು. ಟ್ಯಾಕ್ಸಿಯವನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿ, “ಇರಬಹುದು, ಆದರೆ ಆ ಹಾತಾರ್ನ್ ಗಿಡದಲ್ಲಿ ಕಿನ್ನರರೂ ಇದ್ದಾರೆ” ಅಂದ.

ನಾಲ್ಕನೇ ದಿನ: ಇಳಿಜಾರು

ಬೆಳಿಗ್ಗೆ ಮಳೆ. ಐರ್ಲೆಂಡಿನ ಮಳೆ ಬೀಳುವುದಿಲ್ಲ, ಸುಮ್ನೆ ಗಾಳಿಯಲ್ಲಿ ನಿಂತಿರುತ್ತದೆ, ನಾವು ಅದರೊಳಗೆ ಹೋಗಬೇಕು. ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜ್ ಮಾಡಿದ್ದೆ. ಬೇಕಾಗಲಿಲ್ಲ. ಕಿಲ್‌ಮ್ಯಾಕ್‌ನಿಂದ ಡನ್‌ಗಾರ್ವನ್‌ಗೆ ಇಪ್ಪತ್ತೊಂದೂವರೆ ಕಿಲೋಮೀಟರ್, ಬಹುಪಾಲು ಇಳಿಜಾರು. ಮೊನ್ನೆ ತೊಡೆ ಕಟ್ಟಿದ ಸಾಲವನ್ನು ಇವತ್ತು ವಾಪಸ್ ಕೊಟ್ಟ ಹಾಗೆ ಸೈಕಲ್ ತಾನೇ ಓಡಿತು.

ಡರೋ ಹತ್ತಿರ ಎರಡನೇ ದೊಡ್ಡ ಸೇತುವೆ. ಆಮೇಲೆ ಹಳೇ ಸ್ಟೇಷನ್, ಗೋಡೆ ಉಳಿದಿದೆ, ಛಾವಣಿ ಇಲ್ಲ, ಐವಿ ಬಳ್ಳಿ ಎಲ್ಲವನ್ನೂ ನುಂಗಿದೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅಭ್ಯಾಸಬಲದಿಂದ ಎರಡೂ ಕಡೆ ನೋಡಿದೆ. ಏನೂ ಬರಲಿಲ್ಲ. ನಮ್ಮ ಘಟ್ಟದ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ಮಳೆಗಾಲದ ಸಂಜೆ ಎದುರು ಗಾಡಿಯ ಕ್ರಾಸಿಂಗಿಗೆ ಕಾಯುತ್ತಾ ನಿಂತ ಹಾಗೇ ಅನಿಸಿತು. ಅದೇ ಹಸಿ ವಾಸನೆ, ಅದೇ ಪಾಚಿ.

ಮುಂದೆ ಬ್ಯಾಲಿವೊಯ್ಲ್ ಸುರಂಗ. ಬಾಯಿಗೆ ಹೋಗುವ ದಾರಿಯನ್ನು ಆಳಕ್ಕೆ ಕಡಿದಿದ್ದಾರೆ, ಎರಡೂ ಗೋಡೆಯಿಂದ ಜರಿಗಿಡ ತೂಗುತ್ತದೆ, ನೀರು ತೊಟ್ಟಿಕ್ಕುತ್ತದೆ. ಒಳಗೆ ಸುಮಾರು 400 ಮೀಟರ್. ಮಂಕು ದೀಪ ಹಾಕಿದ್ದಾರೆ. ನಮ್ಮ ಘಟ್ಟದಲ್ಲಿ 57 ಸುರಂಗ. ಇಳಿಯುವಾಗ ಪ್ರತಿಯೊಂದರಲ್ಲೂ ಬ್ರೇಕಿನ ಕಬ್ಬಿಣ ಕಾದ ವಾಸನೆ ತುಂಬಿಕೊಳ್ಳುತ್ತಿತ್ತು, ಅದು ಹೆಚ್ಚಾದರೆ ಎದೆ ಡವಡವ. ಇಲ್ಲಿ ಬರೀ ಮಣ್ಣಿನ ವಾಸನೆ. ನಡುವೆ ನಿಂತು ಹೆಂಡತಿ ಬೆಲ್ ಬಾರಿಸಿದಳು. ಎಷ್ಟೋ ಹೊತ್ತು ಸುತ್ತಿ ಸುತ್ತಿ ಕೇಳಿಸಿತು. ಎದುರಿನಿಂದ ಬರುತ್ತಿದ್ದ ಯಾರೋ ಅವರ ಬೆಲ್ ಬಾರಿಸಿ ಉತ್ತರ ಕೊಟ್ಟರು.

ಸುರಂಗ ದಾಟಿ ಸ್ವಲ್ಪ ದೂರಕ್ಕೆ ಮೂರನೆಯ ಸೇತುವೆ. ಇದು ಮಿಕ್ಕ ಎರಡರ ಹಾಗಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. 1922ರಲ್ಲಿ ಐರ್ಲೆಂಡ್ ಬ್ರಿಟಿಷರಿಂದ ಬಿಡಿಸಿಕೊಂಡ ಬೆನ್ನಲ್ಲೇ ತಮ್ಮತಮ್ಮೊಳಗೇ ಯುದ್ಧ ಹತ್ತಿತು. ಬ್ರಿಟಿಷರ ಜೊತೆ ಆದ ಒಪ್ಪಂದವನ್ನು ಒಪ್ಪದವರು ಈ ಸೇತುವೆಯನ್ನು ಸ್ಫೋಟಿಸಿ ಉರುಳಿಸಿದರು. ಸಾಲದು ಅಂತ 1923ರ ಶುರುವಿನಲ್ಲಿ ಜಲ್ಲಿ ಗಾಡಿಯೊಂದನ್ನು ಹಿಡಿದು ಆ ಕಂದಕಕ್ಕೆ ಓಡಿಸಿಬಿಟ್ಟರು. ಮುರಿದ ಸೇತುವೆಯ ಕೆಳಗೆ ಎಂಜಿನ್ ಬಿದ್ದಿರುವ ಹಳೆಯ ಫೋಟೋ ಒಂದಿದೆ. 1924ರಲ್ಲಿ ಮತ್ತೆ ಕಟ್ಟಿದರು. ನಾನು ಆ ಫೋಟೋವನ್ನು ಮಗಳ ಫೋನಿನಲ್ಲಿ ಬಹಳ ಹೊತ್ತು ನೋಡಿದೆ. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದಕ್ಕೇ ಸಂಬಳ ತೆಗೆದುಕೊಂಡವನು ನಾನು. ಬೇಕು ಅಂತಲೇ ಬಿಟ್ಟುಕೊಟ್ಟ ಗಾಡಿ ನೋಡಲು ಆಗುವುದಿಲ್ಲ.

ಆ ಸೇತುವೆ ದಾಟಿದ ಮೇಲೆ ಕಡಲು. ಇದ್ದಕ್ಕಿದ್ದ ಹಾಗೆ ಎಡಗಡೆ ಪೂರ್ತಿ ಕಡಲು, ಕ್ಲೋನಿಯ ಮರಳ ದಂಡೆ, ಮಳೆಯೂ ನಿಂತಿತು. ಡನ್‌ಗಾರ್ವನ್ ತನಕ ಯಾರೂ ಪೆಡಲ್ ತುಳಿದ ನೆನಪಿಲ್ಲ. ಬಂದರಿನ ಪಕ್ಕದ ಅಂಗಡಿಯಲ್ಲಿ ಬಿಸಿ ತರಕಾರಿ ಸೂಪು ಕುಡಿದೆವು, ಸೋಡಾ ಬ್ರೆಡ್ಡು ತಿಂದೆವು, ನಿನ್ನೆ ಕಟ್ಟಿಸಿಕೊಂಡು ಬಂದ ಕೇಕನ್ನೂ ತಿಂದೆವು.

ಸೈಕಲ್ ವಾಪಸ್ ಕೊಟ್ಟು, ಅವರದ್ದೇ ವ್ಯಾನಿನಲ್ಲಿ ವಾಟರ್‌ಫರ್ಡ್‌ಗೆ ಹೊರಟೆವು. ಈಗ ರಸ್ತೆಯ ಸರದಿ. ಕಣಿವೆ ಬಂದರೆ ಇಳಿದು, ಗುಡ್ಡ ಬಂದರೆ ಹತ್ತಿ, ಬಳಸಿ ಬಳಸಿ ಓಡಿತು. ಅರ್ಧ ದಾರಿಯಲ್ಲಿ ಹೆಂಡತಿಯ ಮುಖ ಬಿಳಿಚಿಕೊಂಡಿತು. ಮಗಳು ಪ್ಲಾಸ್ಟಿಕ್ ಕವರ್ ಹುಡುಕಿದಳು. ಹೆಂಡತಿ ಕಣ್ಣು ಮುಚ್ಚಿಕೊಂಡೇ ನನಗೆ ಹೇಳಿದಳು: “ರೀ, ನಿಮ್ಮ ಓಟ್‌ವೇ ಹಾಕಿದ ದಾರಿಯಲ್ಲೇ ವಾಪಸ್ ಹೋಗಬೇಕಿತ್ತು. ಹೊಟ್ಟೆಯಾದರೂ ನೆಟ್ಟಗಿರ್ತಿತ್ತು.”

ಕಿಟಕಿ ಗಾಜು ಇಳಿಸಿ ಅವಳನ್ನು ನನ್ನ ಜಾಗದಲ್ಲಿ ಕೂರಿಸಿದೆ.